ಪಕ್ಕದ ಸೀಟಿನ ಬಾಗಿಲು

...ನಕಲು ಮಾಡಿದರೂ ನಿಯತ್ತಿನಿಂದ ಮಾಡಬೇಕು ಎನ್ನುತ್ತಿದ್ದಿರಿ, ಅಥವಾ ಅಂಥದ್ದೇ ಏನೋ, ಅಪ್ಪ. ನೀವು ತೀರಿಹೋದಾಗಿನಿಂದ ಷೆಡ್ಡಿನಲ್ಲೇ ಇದ್ದ, ನೀವೇ ಕಟ್ಟಿದ ನಕಲಿ ಸ್ಪೋರ್ಟ್ಸ್ ಕಾರನ್ನು ಕೊಳ್ಳಲು ಇವತ್ತು ಒಬ್ಬರು ಬಂದಿದ್ದರು. ಅದರ ಅಸಲಿ ಅವರ ಮನೆಯಲ್ಲೇ ಇದೆಯಂತೆ. ಗೀರು ಬಿದ್ದೀತೆಂದು ಹೊರಗೆ ತೆಗೆಯುವುದಿಲ್ಲ. ಓಡಿಸಲು ನಿಮ್ಮದು ಬೇಕಂತೆ.

ಹಳೆಯ ಟ್ಯಾಕ್ಸಿಯ ಎಂಜಿನ್ನಿಗೆ ನೀವು ಫೈಬರ್ ಮೈ ತೊಡಿಸಿದ್ದನ್ನು ಕೇಳಿ ನಕ್ಕರು. "ಕುದುರೆ ಚರ್ಮ ಹೊದ್ದ ಕತ್ತೆ ಅನ್ನಿ. ಆದ್ರೆ ಇದು ಕರೆದ ಕೂಡಲೇ ಎದ್ದು ಬರುತ್ತೆ, ನನ್ನ ಕುದುರೆ ಬರಲ್ಲ."

ಆಮೇಲೆ ಟೇಪು ಹಿಡಿದು ಅಳೆದರು. ಅಸಲಿಯ ಅಳತೆಗೆ ಎಲ್ಲೂ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಪಕ್ಕದ ಸೀಟಿನ ಬಾಗಿಲು ಮಾತ್ರ ನಾಲ್ಕು ಬೆರಳು ಹೆಚ್ಚು ಅಗಲ, ಸೀಟೂ ಅಷ್ಟೇ ಹಿಂದೆ.

"ಇಷ್ಟು ಕರಾರುವಾಕ್ಕಾದ ಮನುಷ್ಯ ಇಲ್ಲಿ ಹೇಗೆ ಎಡವಿದ್ರು ಸ್ವಾಮಿ? ಇರ್ಲಿ, ಸರಿ ಮಾಡಿಸ್ಕೋತೀನಿ."

ಅವರು ಹೋದ ಮೇಲೆ ಹತ್ತಿ ಕೂತೆ, ಮೊದಲ ಸಲ. ನೀವು ಕರೆದಾಗಲೆಲ್ಲ, ನಕಲಿ ಗಾಡಿಯಲ್ಲಿ ಮೆರೆಯಲು ನಾನು ಬರುವುದಿಲ್ಲ ಎಂದವನು. ಅಪಘಾತದ ನಂತರ ಮಡಚಲಾಗದ ನನ್ನ ಕಾಲು ಎಲ್ಲೂ ತಗಲದೆ ಒಳಗೆ ಬಂದು, ನೆಟ್ಟಗೆ ಚಾಚಿಕೊಂಡಿತು.

ಮಾರುವುದಿಲ್ಲವೆಂದು ಅವರಿಗೆ ಫೋನ್ ಮಾಡಿದೆ.

ನನ್ನ ಕಾಲನ್ನು ನೀವು ಅಳೆದದ್ದು ಯಾವಾಗ, ಅಪ್ಪ?