ಎದುರಿಗೆ ಯಾರೂ ಇರಲಿಲ್ಲ

ಇಳಕಲ್ಲ,
೧೪ ಜುಲೈ ೨೦೦೩

ಪ್ರೀತಿಯ ಅವ್ವ,

ಹೇಗಿದ್ದೀ? ಹುಬ್ಬಿನ ಮೇಲಿನ ಗಾಯ ಮಾಗಿತೇ? ಕಮತಗಿಯ ದವಾಖಾನೆಯಲ್ಲಿ ತೋರಿಸು. ಶಂಕರಲಿಂಗ ಮಾಮಾ ಅರಿಶಿನ ಮೆತ್ತಿದರೆ ಸಾಕು ಎನ್ನುತ್ತಾನೆ, ಕೇಳಬೇಡ. ನಾನು ಆರಾಮಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಬೆನ್ನು ನೋಯುತ್ತದೆ. ಶಾಲೆ ಬಿಟ್ಟಾಗ ನೀನು, 'ಈಕಿ ಕಾಲು ಒಂದ ಕಡೆ ನಿಲ್ಲಂಗಿಲ್ಲ' ಎಂದು ಬೈದಿದ್ದೆ. ಈಗ ನೋಡಿದರೆ ನಗುತ್ತೀ. ನಿನ್ನ ಜಾಗದಲ್ಲಿ, ಅಜ್ಜಿಯ ಎದುರಿಗೆ, ಅವಳು ಕೊಂಡಿ ಹಾಕಲೆಂದು ಮುಂಜಾನೆಯಿಂದ ಸೀರೆಯ ಎಳೆ ಹಿಡಿದು ಕೂತಿರುತ್ತೇನೆ.

ನೀನು ತವರಿಗೆ ಹೋದ ಮೇಲೂ ಕೊಂಡಿ ಬಿಚ್ಚಿಕೊಳ್ಳುವುದು ನಿಂತಿಲ್ಲ. ಸೀರೆಯ ಒಡಲಿನ ಎಳೆಯನ್ನೂ ಸೆರಗಿನ ಕೆಂಪು ಎಳೆಯನ್ನೂ ಕೂಡಿಸಿದ ಕಡೆಯೇ ಮಗ್ಗದಲ್ಲಿ ಜಾರಿ ಬರುತ್ತದೆ. ನಿನ್ನ ಮೇಲೆ ಬರುತ್ತಿದ್ದ ಮಾತೆಲ್ಲ ಈಗ ನನ್ನ ಮೇಲೆ. 'ತಾಯಿಗೆ ತಕ್ಕ ಮಗಳು, ಬೇಕಂತಲೇ ಹಾಳ ಮಾಡ್ತಾಳ' ಎನ್ನುತ್ತಾಳೆ ಅಜ್ಜಿ. ಅಪ್ಪ ಬಾಯಿ ಬಿಡದೆ ನೇಯುತ್ತಿರುತ್ತಾನೆ. ಅಜ್ಜಿ ಮಗ್ಗದ ಲಾಳಿಯಿಂದ ನಿನ್ನ ಮುಖಕ್ಕೆ ಹೊಡೆದ ದಿನವೂ ಹಾಗೆಯೇ ಇದ್ದನಲ್ಲ.

ಮೊನ್ನೆ ನೀರು ಕುಡಿಯಲು ಎದ್ದೆ. ಬಾಗಿಲಲ್ಲಿ ನಿಂತಿದ್ದಾಗ ಅಜ್ಜಿ ಶುರು ಮಾಡಿದಳು: 'ಕೈ ಯಾಕ ನಡುಗಸ್ತೀ, ಹೆಣಾ? ಎಳಿ ನೆಟ್ಟಗ ಹಿಡಿ.' ಅವಳ ಎದುರಿಗೆ ಯಾರೂ ಇರಲಿಲ್ಲ. ಎಳೆಗಳು ಅವಳ ಬೆರಳಿಗೇ ನಡುಗುತ್ತಿದ್ದವು. ಖಾಲಿ ಜಾಗವನ್ನು ದಿಟ್ಟಿಸಿಕೊಂಡು ಅವಳು ಬೈಯುತ್ತಲೇ ಇದ್ದಳು.

ಸುಮ್ಮನೆ ಬಂದು ಕೂಡಬಹುದಿತ್ತು. ನನ್ನ ಬಾಯಿ ನಿನಗೆ ಗೊತ್ತಲ್ಲ. 'ಅಜ್ಜಿ, ನಾ ಅಲ್ಲಿಲ್ಲ. ನಿನಗ ಕಣ್ಣು ಕಾಣಂಗಿಲ್ಲ' ಎಂದುಬಿಟ್ಟೆ. ಅವಳು ಕೈ ಚಾಚಿ ಎದುರಿನ ಜಾಗ ತಡವಿದಳು. ಆಮೇಲೆ, 'ನಿಮ್ಮಪ್ಪಗ ಹೇಳಬ್ಯಾಡವಾ. ಈ ಕೆಲಸ ಬಿಡಿಸಿದ್ರ ನಾ ಮೂಲ್ಯಾಗಿನ ಮೂಟಿ. ನಮ್ಮತ್ತಿನ್ನ ಹಂಗ ಕುಂಡ್ರಿಸಿ ರೊಟ್ಟಿ ಒಗದಾಕಿ ನಾ. ನನಗ ಗೊತ್ತೈತಿ' ಎಂದಳು. ನಾನು, 'ಅವ್ವಗ ಹೇಳ್ತೇನಿ' ಎಂದೆ. 'ಆಕಿಗೆ ಮೊದಲ ಗೊತ್ತೈತಿ' ಎಂದಳು.

ನಿಜವೇ, ಅವ್ವ? ಗೊತ್ತಿದ್ದೂ ಅವಳ ತಪ್ಪನ್ನು ನೀನು ಹೊತ್ತುಕೊಂಡೆಯಾ? ಅಂದಿನಿಂದ ನನಗೆ ನಿನ್ನ ಮೇಲೇ ಸಿಟ್ಟು. ಅಜ್ಜಿಯ ಹೆದರಿಕೆ ನನಗೂ ತಿಳಿಯಿತು. ಈಗ ಅವಳು ಬೈದರೆ ಮೊದಲಿನಷ್ಟು ಚುಚ್ಚುವುದಿಲ್ಲ. ಆ ಮಾತು ನನಗಲ್ಲ, ಅವಳ ಕಣ್ಣಿಗೆ ಎಂದುಕೊಂಡು ಕೆಲಸ ಮಾಡುತ್ತೇನೆ. ಆದರೆ ಹೆದರಿದವರೆಲ್ಲ ಎದುರಿಗಿದ್ದವರ ಮುಖ ಒಡೆಯುವುದಿಲ್ಲ. ಮರುಕ ಬರುತ್ತದೆ, ಕ್ಷಮಿಸಲು ಆಗುತ್ತಿಲ್ಲ. ಅಪ್ಪನಿಗೆ ನಾನೇ ಎಲ್ಲ ಹೇಳಿದೆ. ಅಜ್ಜಿ ಅತ್ತಳು. ಅಪ್ಪ, 'ಹಂಗಾದ್ರ ನಿಮ್ಮವ್ವನ್ನ ಕರಕೊಂಡ ಬರೂಣು, ಕೆಲಸ ಸುದ್ದ ಆಗತೈತಿ' ಎಂದು ಮತ್ತೆ ಮಗ್ಗದ ಕುಣಿಗೆ ಇಳಿದ. ನಿನ್ನ ಗಾಯದ ಬಗ್ಗೆ ಒಂದು ಮಾತೂ ಇಲ್ಲ.

ಮಾಮಾನಿಗೂ ಅತ್ತೆಗೂ ನನ್ನ ಶರಣು. ಹೊಟ್ಟೆ ತುಂಬ ಉಣ್ಣು.

ನಿನ್ನ ಮಗಳು,
ಬನಶಂಕರಿ

ತಾ.ಕ.: ಅಂಚೆಗೆ ಹಾಕಿದರೆ ತಡವಾದೀತೆಂದು ಇದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ. ಅಪ್ಪ ನಾಳೆ ಅಲ್ಲಿಗೆ ಬರುತ್ತಾನೆ. ಅಜ್ಜಿ ಸಾಯಲು ಬಿದ್ದಿದ್ದಾಳೆ, ನಿನ್ನ ಹೆಸರೇ ಹಿಡಿದಿದ್ದಾಳೆ ಎಂದು ನಿನ್ನ ಮುಂದೆ ಹೇಳುತ್ತಾನೆ. ನನಗೂ ಹಾಗೆಯೇ ಬರೆ ಎಂದಿದ್ದ. ಅಜ್ಜಿ ಈಗಷ್ಟೇ ಉಂಡು, ಪಲ್ಯಕ್ಕೆ ಉಪ್ಪಿಲ್ಲ ಎಂದು ಬೈದಳು. ಅವಳನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಬರಬೇಡ.