ಹುಸೇನ್‌ಬಿಯ ಹೆಸರಿನಲ್ಲಿ ಊದಿದ ಉಸಿರು

ಉಪ್ಪುಗಾಳಿ ತಿಂಗಳ ಮೂವತ್ತೇಳನೆಯ ದಿನ, ೨೨೧೪

ಕುಷ್ಟಗಿಯ ಶರಣಮ್ಮಜ್ಜಿಗೆ, ನಿನ್ನ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು ನೀಲಗಂಗಾ ಮಾಡುವ ಶರಣು.

ಮೂವತ್ತೇಳನೆಯ ದಿನವೆಂದರೆ ಬರೆದವಳ ತಲೆ ಕೆಟ್ಟಿದೆ ಎನ್ನಿಸೀತು. ಇಲ್ಲಿ ತಿಂಗಳಿಗೆ ನಲವತ್ತು ದಿನ. ವರ್ಷಕ್ಕೆ ಒಂಬತ್ತೇ ಸಲ ಸಂಬಳ ಕೊಟ್ಟರೆ ಸಾಕಾಗಲೆಂದು ಹಾಗೆ ಮಾಡಿದ್ದಾರೆ. ನನ್ನ ಮಾತುಗಳೂ ನಿನಗೆ ವಿಚಿತ್ರವಾಗಿ ಕಂಡರೆ ಕ್ಷಮಿಸು. ಸುಮಾರು ಇನ್ನೂರು ವರ್ಷ ಹಿಂದಿನ ನಿನ್ನ ಕಾಲಕ್ಕೆ ಬರೆಯುತ್ತಿದ್ದೇನೆ; ಅಲ್ಲಿ ನೀನೀಗ ಇಪ್ಪತ್ತಾರರ ಹುಡುಗಿ, ನಾನು ನಲವತ್ತು ದಾಟಿದವಳು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ. ನಾಳೆ ನೀನು ಪರದೇಶದ ಮನೆಗೆಲಸಕ್ಕೆಂದು ವೈದ್ಯಕೀಯ ತಪಾಸಣೆಗೆ ಹೋಗುವವಳು. ಅದಕ್ಕೆ ಮೊದಲು ಇದನ್ನು ಓದು.

ನಾನಿರುವುದು ಕಡಲಾಚೆಯ ಒಂದು ನಗರದಲ್ಲಿ. ಬಿಸಿಲು ತಾಳಲಾರದೆ ಇಡೀ ನಗರ ತಲೆಯ ಮೇಲೆ ನೆರಳುಹಾಸು ಹೊದ್ದುಕೊಂಡಿದೆ. ಗಾಜಿನ ನಾರಿನಿಂದ ನೇಯ್ದ ಆ ಹಾಸನ್ನು ಕತ್ತರಿಸಿ ಜೋಡಿಸುವುದು ನಮ್ಮ ಕಡೆಯ ಹೆಂಗಸರ ಕೆಲಸ. ನೆರಳು ಅವರಿಗೆ, ಧೂಳು ನಮಗೆ. ಹೊರಗಿನಿಂದ ಬಂದ ಪ್ರತಿಯೊಬ್ಬಳೂ ಮೈಕಂತು ಕಟ್ಟಲೇಬೇಕು. ನಿಮ್ಮ ಕಾಲದಲ್ಲಿ ಅದಕ್ಕೆ ಆರೋಗ್ಯ ವಿಮೆಯ ಕಂತು ಎನ್ನುತ್ತಿದ್ದರಂತೆ. ಸಂಬಳ ಕೈಗೆ ಬರುವ ಮೊದಲೇ ಅದನ್ನು ಮುರಿದುಕೊಳ್ಳುತ್ತಾರೆ. ಹತ್ತು ದಿನಕ್ಕೊಮ್ಮೆ ಉಸಿರುಗೂಡಿಗೆ ಹೋಗಬೇಕು. ಒಬ್ಬಳು ನಿಲ್ಲುವಷ್ಟೇ ಜಾಗದ ಗೂಡು ಅದು. ಒಳಗಿನ ನಳಿಗೆಯಲ್ಲಿ ಊದಿದರೆ ಯಂತ್ರ ಎದೆಯೊಳಗಿನ ಸುದ್ದಿ ಬರೆದುಕೊಳ್ಳುತ್ತದೆ. ಉಸಿರು ಕೆಟ್ಟಷ್ಟೂ ಕಂತು ಏರುತ್ತದೆ. ಮೂರು ಸಲ ಕೆಟ್ಟರೆ ಊರಿಗೆ ವಾಪಸ್ಸು, ಕಟ್ಟಿದ್ದೆಲ್ಲ ನೀರುಪಾಲು. ಕಾಯಿಲೆಯವರನ್ನು ಆಸ್ಪತ್ರೆಗೆ ಸೇರಿಸುವ ಮೊದಲೇ ಹಡಗು ಹತ್ತಿಸುವ ವಿಮೆಗೆ ಯಾವ ಜಾಣ ಆರೋಗ್ಯದ ಹೆಸರಿಟ್ಟನೋ ಕಾಣೆ.

ಅದಕ್ಕೆ ನಾವು ಉಸಿರೆರವಲು ಕಂಡುಕೊಂಡೆವು. ಯಂತ್ರ ಓದುವುದು ಮುಂಗೈಗೆ ಕಟ್ಟಿದ ಗುರುತಿನ ಪಟ್ಟಿಯನ್ನು, ಮುಖವನ್ನಲ್ಲ. ಕೋಣೆಯ ಇಪ್ಪತ್ತೆರಡು ಹೆಂಗಸರಲ್ಲಿ ಗಟ್ಟಿ ಎದೆಯವಳೊಬ್ಬಳು ಎದೆ ಕೆಟ್ಟವರ ಪಟ್ಟಿ ಕಟ್ಟಿಕೊಂಡು ಅವರ ಹೆಸರಿನಲ್ಲಿ ಊದಿ ಬರುತ್ತಾಳೆ. ನಮ್ಮ ಕೋಣೆಯಲ್ಲಿ ಆ ಗಟ್ಟಿ ಎದೆಯವಳು ನಾನು. ಅಂಥವಳನ್ನು ಕೋಣೆಯವರು ಧೂಳಿನ ಕಡೆ ಬಿಡುವುದಿಲ್ಲ, ಅಡುಗೆಗೆ ಇಡುತ್ತಾರೆ. ಮೆಣಸಿನಕಾಯಿ ಹುರಿಯುವಾಗ ನನ್ನನ್ನು ಹೊರಗೆ ಕಳಿಸುತ್ತಾರೆ. ಕಿಟಕಿ ಪಕ್ಕದ ಹಾಸಿಗೆ ನನಗೆ, ಮೊದಲ ರೊಟ್ಟಿಯೂ ನನಗೆ. ಬಸುರಿಗೆ ಮಾಡುವಂಥ ಉಪಚಾರ. ನನಗೂ ಕೊಬ್ಬು ಬಂದಿತ್ತು ಅಜ್ಜಿ, ಇವರನ್ನೆಲ್ಲ ನಾನೇ ಬದುಕಿಸಿದ್ದೇನೆ ಎಂದುಕೊಂಡಿದ್ದೆ.

ಲಿಂಗಸುಗೂರಿನ ಹುಸೇನ್‌ಬಿ ನನ್ನ ಪಕ್ಕದ ಹಾಸಿಗೆಯವಳು. ಅವಳ ಹೆಸರಿನಲ್ಲಿ ಒಂದು ವರ್ಷ ಊದಿದೆ. ಒಳಗೆ ಅವಳ ಎದೆ ಜರಡಿಯಾಗುತ್ತಿತ್ತು, ದಾಖಲೆಯಲ್ಲಿ ನನ್ನ ಎದೆ ಕುಣಿಯುತ್ತಿತ್ತು. ಒಂದು ದಿನ ಹಾಸು ಕತ್ತರಿಸುವ ಶೆಡ್ಡಿನಲ್ಲೇ ಕುಸಿದಳು. ಆಸ್ಪತ್ರೆಗೆ ಒಯ್ದೆವು. ವಿಮೆಯವರು ದಾಖಲೆ ತೆರೆದರು. ನಾಲ್ಕು ದಿನದ ಹಿಂದೆ ನೆಟ್ಟಗಿದ್ದ ಎದೆ ಇಷ್ಟು ಬೇಗ ಹೀಗಾಗಬೇಕಾದರೆ ಬೇಕೆಂದೇ ಏನೋ ಮಾಡಿಕೊಂಡಿದ್ದಾಳೆ, ಅದಕ್ಕೆ ವಿಮೆಯಿಲ್ಲ ಎಂದರು.

ನಿಜ ಹೇಳಿದ್ದರೆ ಅವಳು ಉಳಿಯುತ್ತಿದ್ದಳು. ಮೋಸ ಒಪ್ಪಿಕೊಂಡವರಿಗೂ ಜೀವ ಉಳಿಯುವಷ್ಟು ಚಿಕಿತ್ಸೆ ಕೊಡಬೇಕೆಂದು ಇಲ್ಲಿನ ಕಾಯಿದೆ ಹೇಳುತ್ತದೆ. ಆಮೇಲೆ ಇಡೀ ಕೋಣೆಯನ್ನೇ ಹಡಗು ಹತ್ತಿಸುತ್ತಾರೆ. ಹುಸೇನ್‌ಬಿಗೆ ಇದು ಗೊತ್ತಿತ್ತು. ನನ್ನ ಸೆರಗು ಹಿಡಿದು, “ಬಾಯಿ ಬಿಡಬ್ಯಾಡವಾ ನೀಲಾ. ಇಷ್ಟು ಮಂದಿ ಊರಿಗೆ ಹೋಗಿ ಏನ್ ತಿಂತಾರ?” ಎಂದಳು. ಉಳಿದವರು ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಮೂರನೆಯ ದಿನ ಸತ್ತಳು. ಅವಳು ಬೇಡವೆಂದಳೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅದರಿಂದ ಏನೂ ಹಗುರವಾಗುವುದಿಲ್ಲ.

ಈ ವಿದ್ಯೆ ನನಗೆಲ್ಲಿಂದ ಬಂತು ಗೊತ್ತೇ? ನಿನ್ನಿಂದ. ಎದೆಯ ಫೋಟೊ ತೆಗೆಯುವಾಗ ಎದೆ ಕೆಟ್ಟಿದ್ದ ನಿನ್ನ ಜಾಗದಲ್ಲಿ ತಂಗಿ ಗೌರಮ್ಮನನ್ನು ನಿಲ್ಲಿಸಿ ನೀನು ಪಾಸಾದ ಕತೆಯನ್ನು ನಮ್ಮ ಮನೆಯ ಪ್ರತಿ ಮದುವೆಯಲ್ಲೂ ನಗುತ್ತ ಹೇಳುತ್ತಾರೆ. ‘ನಮ್ಮ ಶರಣಮ್ಮಜ್ಜಿ ಭಾರೀ ಕಿಲಾಡಿ ಇದ್ಲು ನೋಡು’ ಎನ್ನುತ್ತಾರೆ. ನೀನು ಅಲ್ಲಿ ಹನ್ನೊಂದು ವರ್ಷ ವಿಮೆಯ ಕಂತು ಕಟ್ಟಿದೆ. ಎದೆಯ ಗುಟ್ಟು ಹೊರಬಿದ್ದೀತೆಂದು ಹೆದರಿ ಒಂದು ದಿನವೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಊರಿಗೆ ಮರಳಿದ ವರ್ಷವೇ ತೀರಿಕೊಂಡೆ. ಇದನ್ನು ಮದುವೆಯಲ್ಲಿ ಯಾರೂ ಹೇಳುವುದಿಲ್ಲ. ನಿನ್ನ ವಿಮೆಯ ಕಾರ್ಡು ಇನ್ನೂ ನಮ್ಮ ಪೆಟ್ಟಿಗೆಯಲ್ಲಿದೆ, ಮೂಲೆ ಕೂಡ ಮಡಚಿಲ್ಲ.

ಅದಕ್ಕೆ ಬೇಡಿಕೊಳ್ಳುತ್ತೇನೆ. ನಾಳೆ ಗೌರಮ್ಮನನ್ನು ಕರೆದುಕೊಂಡು ಹೋಗಬೇಡ. ನೀನೇ ನಿಲ್ಲು, ನಿನ್ನ ಎದೆಯಲ್ಲಿ ಏನಿದೆಯೋ ಅದೇ ಫೋಟೊದಲ್ಲಿ ಬರಲಿ. ಅವರು ಬೇಡವೆನ್ನುತ್ತಾರೆ. ಅಳು, ಮನೆಗೆ ಹೋಗು, ಔಷಧಿ ತೆಗೆದುಕೋ. ನೀನು ಕಡಲು ದಾಟದಿದ್ದರೆ ಅಲ್ಲಿ ನಿನ್ನ ಕೈಹಿಡಿಯುವ ಅಜ್ಜನನ್ನು ಕಾಣುವುದಿಲ್ಲ, ನಮ್ಮ ವಂಶವೂ ಇಲ್ಲ, ನಾನೂ ಇಲ್ಲ. ಇಲ್ಲವಾದರೆ ಇಲ್ಲ ಬಿಡು. ನಾನಿಲ್ಲದ ಕೋಣೆಯಲ್ಲಿ ಹುಸೇನ್‌ಬಿ ತನ್ನ ಉಸಿರನ್ನು ತಾನೇ ಊದುತ್ತಾಳೆ. ಮೂರು ಸಲ ಕೆಟ್ಟು, ಎಲ್ಲರಿಗೂ ಹಿಡಿಶಾಪ ಹಾಕುತ್ತ, ಕೆಮ್ಮುತ್ತ ಲಿಂಗಸುಗೂರಿಗೆ ಹೋಗಿ ಇಳಿಯುತ್ತಾಳೆ. ಜೀವಂತ ಇಳಿಯುತ್ತಾಳೆ.

ಈ ಪತ್ರ ನಿನಗೆ ಮುಟ್ಟಲಿಲ್ಲವೆಂದು ಬಲ್ಲೆ. ಮುಟ್ಟಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಇನ್ನು ಮೂರು ದಿನಕ್ಕೆ ಉಸಿರುಗೂಡು ತೆರೆಯುತ್ತದೆ. ನನ್ನ ಮಡಿಲಲ್ಲಿ ಆರು ಜನರ ಕೈಪಟ್ಟಿಗಳಿವೆ.