ಬ್ರೇಕಿನ ಮ್ಯಾಲಿನ ಕಲ್ಲು

ಶೇವಂತಾ,

ಈ ವಾರ ನಿನ್ನ ಕಳಿಸ್ತೇನಂತ ನಿಮ್ಮಣ್ಣ ಹೇಳಿ ಕಳಿಸ್ಯಾನ. ಅದಕ್ಕ ದಿನಾ ಇದೇ ಚೀಟಿ ಇಟ್ಟು ಹೋಗ್ತೇನಿ, ಸಂಜಿಗೆ ಬಂದು ನಾನೇ ತೆಗೀತೇನಿ. ಇವತ್ತರ ನೀ ಓದಬೇಕು.

ನಾ ಭಾಲ್ಕಿಗೆ ಲಾರಿ ರಿಪೇರಿಗೆ ಹೋಗೇನಿ. ಬುಟ್ಟಿಯೊಳಗ ರೊಟ್ಟಿ ಅವ. ದಪ್ಪ ಆಗ್ಯಾವ, ನಗಬ್ಯಾಡ.

ಹಿತ್ತಾಳಿ ಚರಗಿಯೊಳಗಿನ ಎಣ್ಣಿ ತಲಿಗೆ ಹಚ್ಕೋಬ್ಯಾಡ. ಔಡಲೆಣ್ಣಿ ವಾಸನಿ ಬಂದ್ರೂ ಅದು ಬ್ರೇಕಿಂದು.

ಅಂಗಳದಾಗ ನಿಂತಿದ್ದು ವಕೀಲ ಸಾಹೇಬರ ಕಾರು. ಐತವಾರ ಹೈದರಾಬಾದಿನಾಗ ರೇಸಿಗೆ ಓಡಿಸ್ತಾರಂತ. ಮೊದಲ ನಾಕೂ ಗಾಲಿಗಿ ಎಣ್ಣಿ ಹೋಗೂ ದಾರಿ ಒಂದೇ ಇತ್ತು, ಒಂದು ಪೈಪು ಒಡದ್ರ ಬ್ರೇಕೇ ಇಲ್ಲ. ಈಗ ಮುಂದಿನ ಗಾಲಿಗಿ ಬ್ಯಾರೆ, ಹಿಂದಿನ ಗಾಲಿಗಿ ಬ್ಯಾರೆ ಮಾಡೇನಿ. ಆದ್ರ ಪೈಪಿನಾಗ ಗಾಳಿ ಉಳದದ, ಪೆಡಲ್ ಮೆತ್ತಗ ಒಳಗ ಹೋಗ್ತದ. ಹಿಂಗೇ ಕೊಟ್ರ ಆ ಮನುಷ್ಯಾನ ಜೀವ ಹೋಗ್ತದ.

ಗಾಳಿ ತೆಗೀಲಿಕ್ಕ ಇಬ್ಬರು ಬೇಕು. ನಾ ಗಾಡಿ ಕೆಳಗ ಮಲಗಿ ‘ಒತ್ತು’ ಅಂದ್ರ ನೀ ಒತ್ತತಿದ್ದಿ, ‘ಬಿಡು’ ಅಂದ್ರ ಬಿಡತಿದ್ದಿ. ಈಗ ನಿನ್ನ ಖಾರ ಅರಿಯೂ ಕಲ್ಲು ಪೆಡಲ್ ಮ್ಯಾಲ ಇಟ್ಟೇನಿ. ಸಿಟ್ಟಾಗಬ್ಯಾಡ. ಕಲ್ಲಿಗೆ ಒತ್ತೂದು ಬರ್ತದ, ಬಿಡೂದು ಬರೂದಿಲ್ಲ.

ರಜಾಕಾರರ ಗಲಾಟಿಯಾಗ ನಿನ್ನ ಸೋಲಾಪುರಕ್ಕ ನಿಮ್ಮಣ್ಣನ ಮನಿಗೆ ಕಳಿಸಿದವ ನಾನೇ, ಖರೆ. ಈಗ ನಿಜಾಮನ ರಾಜ್ಯನೇ ಹೋಗ್ಯದ. ಇನ್ನ ಯಾಕ ಅಲ್ಲಿ?

ಬಂದ್ರ ಆ ಕಲ್ಲು ತೆಗದು ಒಲಿ ಹತ್ರ ಇಡು. ಸಂಜಿಗೆ ನಾ ಮನಿಯೊಳಗ ಕಾಲಿಡೂಕಿಂತ ಮೊದಲ ಕಾರಿನೊಳಗ ಬಗ್ಗಿ ನೋಡ್ತೇನಿ.

ಧೊಂಡಿಬಾ